ಪಟ್ಟಿಯಲ್ಲಿಲ್ಲದ ಒಲೆ

ಬಾರಾನಗರ, ಕಲಕತ್ತೆ
9 ಏಪ್ರಿಲ್ 2006

ಚಿ. ನಮ್ರತಾ,

ನಿನ್ನ ಅಜ್ಜಿ ಗಂಗೂಬಾಯಿಯ ಆಶೀರ್ವಾದ. ಇಲ್ಲಿ ನಾವೆಲ್ಲ ಉಣ್ಣುತ್ತಿದ್ದೇವೆ, ಉಸಿರಾಡುತ್ತಿದ್ದೇವೆ. ಅದನ್ನೇ ಕ್ಷೇಮ ಎಂದು ಓದಿಕೋ. ಕಳೆದ ಭಾನುವಾರ ಫೋನಿನಲ್ಲಿ ನೀನು ಏನೇನೋ ಅಂದೆಯಂತೆ. ನನ್ನ ಕಿವಿಯಲ್ಲಿ ಜೇನುಹುಳ ಗುಂಯ್ ಎಂದದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. "ಹ್ಞೂಂ, ಹ್ಞೂಂ" ಎಂದು ನಿನ್ನ ಅವ್ವನ ಕೈಗೆ ಕೊಟ್ಟುಬಿಟ್ಟೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಗೊತ್ತು. ಆದರೆ ಕಾಗದ ಕಿವುಡಲ್ಲ.

ಸುದ್ದಿಗೆ ಬರುತ್ತೇನೆ. ನಮ್ಮ ಮನೆಯ ಪಾತ್ರೆ ತೊಳೆಯುವ ಮಿನತಿ ಮತ್ತೆ ಬಸುರಿ, ಐದು ತಿಂಗಳು. ಕಾಲು ಈಗಲೇ ಬಾತಿವೆ. ಬೆರಳಿನಿಂದ ಒತ್ತಿದರೆ ಹಿಟ್ಟಿನ ಮುದ್ದೆಯಲ್ಲಿ ಬೀಳುವ ಹಾಗೆ ಗುಳಿ ಬಿದ್ದು, ಅಲ್ಲೇ ಉಳಿಯುತ್ತದೆ. ಜನವರಿಯಲ್ಲಿ ನೀನು ಹೆಗಲಿಗೆ ಚೀಲ ಹಾಕಿಕೊಂಡು ಜೂಟ್ ಮಿಲ್ಲಿನ ಹಿಂದಿನ ಕೂಲಿಕಾರರ ಬಸ್ತಿಯಲ್ಲಿ ಮನೆಮನೆ ತಿರುಗಿ, ಒಂದು ಒಲೆಯಲ್ಲಿ ಉಣ್ಣುವವರೆಷ್ಟು, ಹುಟ್ಟಿದವರೆಷ್ಟು, ಸತ್ತವರೆಷ್ಟು ಎಂದು ಬರೆದುಕೊಂಡೆಯಲ್ಲ. ಆಮೇಲೆ ನಿಮ್ಮ ಸಂಸ್ಥೆಯವರು ಅದೇ ಗಲ್ಲಿಯ ಬಾಯಲ್ಲಿ ಬಸುರಿ ಬಾಣಂತಿಯರಿಗೆಂದು ದವಾಖಾನೆ ತೆರೆದರಲ್ಲ. ಅಲ್ಲಿಗೆ ಹೋಗಿದ್ದಳು ಇವಳು. ಬಾಗಿಲಲ್ಲಿ ಕುಳಿತವನು ಕಾರ್ಡು ಕೇಳಿದನಂತೆ. ಇಲ್ಲ ಎಂದಳು. ಪಟ್ಟಿ ನೋಡಿದ. "ನಿನ್ನ ಹೆಸರಿಲ್ಲ, ನಡಿ" ಎಂದ. ಅತ್ತೆಗೆ ಮಾತ್ರ ಕಾರ್ಡು ಇದೆ. ಅರವತ್ತು ದಾಟಿದ ಮುದುಕಿಗೆ ಬಸುರಿಯರ ದವಾಖಾನೆಯ ಕಾರ್ಡು! ಬಸುರಿಗೆ ಇಲ್ಲ! ಇದನ್ನು ಕಲಿಯಲು ನೀನು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಬೇಕಿತ್ತೇ?

ಜನವರಿಯಿಂದ ಅವಳ ಒಲೆ ಅತ್ತೆಯ ಒಲೆಯಿಂದ ಬೇರೆಯಾಗಿದೆಯಂತೆ. ಅತ್ತೆ ಸೊಸೆ ಎಂದ ಮೇಲೆ ಅದು ಇದ್ದದ್ದೇ. ಅಷ್ಟಕ್ಕೆ ಪಟ್ಟಿಯಿಂದ ಬಿಡುವುದೇ? ಪಟ್ಟಿ ಮಾಡಿದವಳು ನೀನು. ಹೆಸರು ಸೇರಿಸು. ನಿನ್ನ ಅವ್ವ ಶೋಭನಾಳಿಗೆ ಈ ಮಾತು ಹೇಳಿದರೆ, "ಕೆಲಸದವರ ಪಂಚಾಯ್ತಿ ಆಕಿಗ್ಯಾಕ ಬರೀತೀರಿ, ಓದ್ಲಿ ಬಿಡ್ರಿ" ಎನ್ನುತ್ತಾಳೆ. ಆದ್ದರಿಂದ ಹೇಳಿಲ್ಲ.

ಗಂಗೂಬಾಯಿ


ಬ್ರೈಟನ್
24 ಏಪ್ರಿಲ್ 2006

ಪ್ರೀತಿಯ ಅಜ್ಜಿ,

ನಿಮ್ಮ ಪತ್ರ ಬಂದಾಗ ಇಡೀ ಹಾಸ್ಟೆಲ್‌ನಲ್ಲಿ ನನಗೊಬ್ಬಳಿಗೇ ಪೋಸ್ಟ್ ಇತ್ತು. ಎಲ್ಲರಿಗೂ ತೋರಿಸಿದೆ. ಕನ್ನಡ ಬರೆಯುವುದು ನನಗೆ ನಿಧಾನ, ತಪ್ಪು ಇದ್ದರೆ ಬೈಯಬೇಡಿ.

ಮಿನತಿ ದೀದಿಯ ವಿಷಯ ಓದಿ ಬೇಜಾರಾಯಿತು. ಆ ಮನೆಗೆ ನಾನೇ ಹೋಗಿದ್ದೆ, ಚೆನ್ನಾಗಿ ನೆನಪಿದೆ. ನಮ್ಮ ಅಧ್ಯಯನದಲ್ಲಿ ಒಂದು ಒಲೆಯಲ್ಲಿ ಬೇಯಿಸಿ ಉಣ್ಣುವವರು ಒಂದು ಕುಟುಂಬ. ಅವರು ತಮ್ಮ ಒಲೆ ಬೇರೆ ಎಂದರು. ಬಾಗಿಲ ಬಳಿ ಒಂದು ಸೀಮೆಎಣ್ಣೆ ಸ್ಟೋವ್ ಕೂಡ ತೋರಿಸಿದರು. ಯಾವಾಗಿನಿಂದ ಎಂದು ಕೇಳಿದೆ, "ನಿನ್ನೆಯಿಂದ" ಎಂದರು. ರೂಲ್ ಪ್ರಕಾರ ಬೇರೆ ಒಲೆ ಆಗಿ ಆರು ತಿಂಗಳು ಆಗಿರದಿದ್ದರೆ ಅದನ್ನು ಹೊಸ ಕುಟುಂಬ ಅಂತ ಸೇರಿಸುವಂತಿಲ್ಲ. ಅತ್ತೆಯ ಕುಟುಂಬದಲ್ಲೂ ಬರೆಯುವಂತಿಲ್ಲ, ಯಾಕೆಂದರೆ ಅಲ್ಲಿ ಉಣ್ಣುವುದಿಲ್ಲ. ಹಾಗಾಗಿ ಎರಡೂ ಕಡೆ ಬರಲಿಲ್ಲ. ಅವರು ಒಂದು ದಿನ ತಡೆದು ಬೇರೆ ಆಗಿದ್ದರೆ ಹೆಸರು ಇರುತ್ತಿತ್ತು. ಅದೃಷ್ಟ ಸರಿ ಇರಲಿಲ್ಲ.

ನಾನು ಪ್ರೊಫೆಸರ್ ಹತ್ತಿರ ಮಾತಾಡಿ ಪ್ರಯತ್ನ ಮಾಡುತ್ತೇನೆ.

ಇಲ್ಲಿ ಈಗಲೂ ಚಳಿ. ನಿಮ್ಮ ಉಪ್ಪಿನಕಾಯಿ ಮುಗಿಯುತ್ತಾ ಬಂತು.

ನಿಮ್ಮ ನಮ್ರತಾ


ಬಾರಾನಗರ
8 ಮೇ 2006

ಚಿ. ನಮ್ರತಾ,

ನಿನ್ನ ಕಾಗದ ಮೂರು ಸಲ ಓದಿದೆ. ಒಂದು ಸಲ ಕನ್ನಡಕ ಹಾಕಿಕೊಂಡು, ಎರಡು ಸಲ ಸಿಟ್ಟು ಹಾಕಿಕೊಂಡು. ಎರಡು ಒಲೆಗಳ ನಡುವೆ ಮನುಷ್ಯಳೊಬ್ಬಳು ಬಿದ್ದುಹೋಗುವಷ್ಟು ದೊಡ್ಡ ಸಂದು ಬಿಟ್ಟು ರೂಲು ಮಾಡಿದ ಆ ಜಾಣ ಯಾರು? ಅವನು ಯಾವತ್ತಾದರೂ ಒಲೆಯ ಮುಂದೆ ಕುಳಿತವನೇ?

ಇರಲಿ. ಪ್ರಯತ್ನ ಮಾಡುತ್ತೇನೆ ಎಂದು ಬರೆದಿದ್ದೀ. ನಮ್ಮ ಮನೆಯಲ್ಲಿ ಹಾಗೆಂದವರು ಮಾಡದೆ ಬಿಟ್ಟಿಲ್ಲ. ನಿನ್ನಜ್ಜ ಧಾರವಾಡದ ಕಚೇರಿಯಲ್ಲಿ ಜವಾನರಾಗಿದ್ದರೂ ಹೇಳಿದ ಮಾತು ಹುಸಿ ಹೋಗಿರಲಿಲ್ಲ. ಆ ಧೈರ್ಯದ ಮೇಲೆ ಅವತ್ತೇ ಮಿನತಿಗೆ ಹೇಳಿಬಿಟ್ಟೆ. ಅವಳು ಪಕ್ಕದ ಮನೆಯವಳ ಜೊತೆ ದೊಡ್ಡ ಆಸ್ಪತ್ರೆಗೆ ಹೋಗುವವಳಿದ್ದಳು. ಅಲ್ಲಿ ಬೆಳಗ್ಗೆ ಐದಕ್ಕೆ ಸಾಲು ಹಿಡಿಯಬೇಕು, ಮೂರು ಮನೆಯ ಕೆಲಸ ತಪ್ಪುತ್ತದೆ, ಮೊದಲ ಹೆರಿಗೆಯಲ್ಲಿ ಅಲ್ಲಿನ ಆಯಾ ಇವಳ ಕೆನ್ನೆಗೆ ಹೊಡೆದಿದ್ದಳಂತೆ.

"ಹೋಗೂದು ಬ್ಯಾಡ," ಎಂದೆ. "ನನ್ನ ಮೊಮ್ಮಗಳು ಕಾರ್ಡು ಮಾಡಸಾಕತ್ಯಾಳ. ಗಲ್ಲಿ ಬಾಯಾಗ ಡಾಕ್ಟರೀಣಬಾಯಿ ಕುರ್ಚಿ ಹಾಕಿ ಕೂಡಿಸಿ ನೋಡ್ತಾಳ. ಕಾಯಿ."

"ಖರೇನ, ಮಾಶಿಮಾ?" ಎಂದಳು, ಸ್ವಂತ ಚಿಕ್ಕವ್ವನನ್ನು ಕರೆದ ಹಾಗೆ.

"ನಾ ಸುಳ್ಳು ಹೇಳಾಕ ನಿನ್ನ ಅತ್ತೀನೇನ?" ಎಂದೆ. ನನ್ನ ಹರಕು ಬಂಗಾಲಿಗೆ ಅವಳು ನಕ್ಕದ್ದು ನೋಡಬೇಕಿತ್ತು. ನಕ್ಕರೆ ಅವಳ ಒಸಡೂ ಬಿಳಿ, ಹಲ್ಲೂ ಬಿಳಿ.

ಅವಳ ಗಂಡ ಸಾಲ್ಟ್ ಲೇಕಿನಲ್ಲಿ ಕಂಪ್ಯೂಟರಿನವರ ಹೊಸ ಕಟ್ಟಡಕ್ಕೆ ಗಾಜು ಹೊರುತ್ತಾನೆ. ಹನ್ನೆರಡು ಅಂತಸ್ತಂತೆ, ಪೂರ್ತಿ ಗಾಜಂತೆ. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಕಾರ್ಡು ಬೇಗ ಕಳಿಸು.

ಗಂಗೂಬಾಯಿ


ಬ್ರೈಟನ್
29 ಮೇ 2006

ಪ್ರೀತಿಯ ಅಜ್ಜಿ,

ಉತ್ತರ ತಡವಾಯಿತು. ಕಳೆದ ವಾರ ಇಲಾಖೆಯವರ ಮುಂದೆ ನನ್ನ ಮೊದಲ ಪ್ರಬಂಧ ಓದಿದೆ. ನಮ್ಮ ಬಸ್ತಿಯ ಬಗ್ಗೆ! ಗಲ್ಲಿ ತೋರಿಸುವ ನಕ್ಷೆ ಹಾಕಿದ್ದೆ. ತಾಂಜಾನಿಯಾದ ಒಬ್ಬರು ಬಂದು, ನಮ್ಮಲ್ಲೂ ಒಲೆಯನ್ನೇ ಎಣಿಸುತ್ತೇವೆ ಎಂದರು. ಎಲ್ಲರೂ ಕೆಲಸ ತುಂಬಾ ಅಚ್ಚುಕಟ್ಟು ಎಂದರು. ನೀವು ಇರಬೇಕಿತ್ತು.

ಕಾರ್ಡಿನ ವಿಷಯ ಪ್ರೊಫೆಸರ್‌ಗೆ ಹೇಳಿದ್ದೇನೆ. ಇಂಥದ್ದಕ್ಕೆಲ್ಲ ಸ್ವಲ್ಪ ಸಮಯ ಬೇಕಾಗುತ್ತದೆ.

ಅಪ್ಪನ ಮೊಣಕಾಲು ನೋವು ಹೇಗಿದೆ? ಅವರು ಎಸ್ಪ್ಲನೇಡ್‌ವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಾರೆ ಅಂತ ಅಮ್ಮ ಹೇಳಿದರು.

ನಮ್ರತಾ


ಬಾರಾನಗರ
2 ಜುಲೈ 2006

ನಮ್ರತಾ,

ಸಮಯ ಬೇಕು ಎಂದೆ. ಕೊಟ್ಟೆ. ಒಂದು ತಿಂಗಳಾಯಿತು. ಬಸುರಿಯ ಹೊಟ್ಟೆ ನಿಮ್ಮ ಪ್ರೊಫೆಸರನ ಸಮಯ ನೋಡಿ ಬೆಳೆಯುವುದಿಲ್ಲ.

ಮಿನತಿಗೆ ಈಗ ಎಂಟು ತುಂಬುತ್ತಿದೆ. ಕಾಲು ಬಿಟ್ಟು ಈಗ ಮುಖ ಬಾತಿದೆ. ಬೆಳಗ್ಗೆ ಬಂದಾಗ ಕಣ್ಣು ಎರಡು ಗೆರೆ. ತಲೆ ಸಿಡಿಯುತ್ತದೆ ಎನ್ನುತ್ತಾಳೆ. ಮೊನ್ನೆ ಪಾತ್ರೆ ತಿಕ್ಕುತ್ತಿದ್ದವಳು ನಿಲ್ಲಿಸಿ, "ಮಾಶಿಮಾ, ಕಣ್ಣ ಮುಂದ ಕಿಡಿ ಹಾರಾಕತ್ತಾವ" ಎಂದಳು. ನಾನು ಕೊತ್ತಂಬರಿ ಬೀಜ ಕುದಿಸಿದ ನೀರು ಕೊಟ್ಟು, ತಲೆಗೆ ಹರಳೆಣ್ಣೆ ತಟ್ಟಿದೆ. ನನಗೆ ಗೊತ್ತಿರುವುದು ಅಷ್ಟೇ. ದಿನಾ ಬಂದವಳೇ ಮೊದಲು ಕೇಳುವುದು, "ಕಾರ್ಡು ಬಂತೇನು?" ನಾನು ಹೇಳುವುದು, "ನಾಳೆ." ನಾನು ಆಯುಷ್ಯದಲ್ಲಿ ಯಾರಿಗೂ ಇಷ್ಟು ನಾಳೆಗಳನ್ನು ಹೇಳಿರಲಿಲ್ಲ.

ಆಗುತ್ತದೆ ಎಂದು ಬರೆ, ಇಲ್ಲವೇ ಆಗುವುದಿಲ್ಲ ಎಂದು ಬರೆ. ಒಂದೇ ಸಾಲು ಸಾಕು. ನಕ್ಷೆ ಬೇಡ.

ಗಂಗೂಬಾಯಿ


ಬಾರಾನಗರ
16 ಜುಲೈ 2006

ನಮ್ರತಾ,

ಮಿನತಿ ಶುಕ್ರವಾರ ಸತ್ತಳು. ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಗಂಡಿತ್ತಂತೆ.

ಹತ್ತು ಗಂಟೆಯ ಹೊತ್ತು. ನಿನ್ನ ಅಪ್ಪ ಅವ್ವ ಕಚೇರಿಗೆ ಹೋಗಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ನನ್ನ ಕಿವಿ ನಿನಗೆ ಗೊತ್ತಲ್ಲ. ಅವಳು ಬಿದ್ದದ್ದು ಕೇಳಿಸಲಿಲ್ಲ. ನಲ್ಲಿಯ ನೀರು ಹರಿದು ಬಂದು ನನ್ನ ಸೀರೆ ಒದ್ದೆಯಾದಾಗ ಎದ್ದು ಹೋದೆ. ಕಲ್ಲಿನ ಮೇಲೆ ಬಿದ್ದು ಕೈಕಾಲು ಬಡಿಯುತ್ತಿದ್ದಳು. ಹಲ್ಲು ಕಚ್ಚಿ ನಾಲಿಗೆ ತುಂಡಾಗಿತ್ತು. ಕೆಳಗಿನ ಮನೆಯ ಮಂಜಯ್ಯನವರು ಬ್ಯಾಂಕಿಗೆ ಹೊರಟವರು ಓಡಿ ಬಂದರು. ಸೈಕಲ್ ವ್ಯಾನಿನ ಹಲಗೆಯ ಮೇಲೆ ಅವಳನ್ನು ಮಲಗಿಸಿಕೊಂಡು, ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು, ನಾನು ಬೇಡ ಎಂದಿದ್ದ ಆಸ್ಪತ್ರೆಗೇ ಹೋದೆ. ಸಾಲು ಕೇಳಲಿಲ್ಲ. ಯಾರೂ ಬೈಯಲೂ ಇಲ್ಲ. ಒಳಗೆ ಕರೆದುಕೊಂಡರು. ಹುಡುಗಿಯಂಥ ಡಾಕ್ಟರು, ನಿನ್ನದೇ ವಯಸ್ಸು. ರಕ್ತದ ಒತ್ತಡ ನೋಡಿ ನನ್ನ ಮುಖ ನೋಡಿದಳು.

"ಎಂಟು ತಿಂಗಳಿಂದ ಇವಳನ್ನು ಯಾರೂ ತಪಾಸಣೆ ಮಾಡಿಲ್ಲವೇ?"

"ಕಾರ್ಡಿಗೆ ಕಾಯುತ್ತಿದ್ದಳು," ಎಂದೆ.

"ಯಾವ ಕಾರ್ಡು? ಇಲ್ಲಿ ಬರಲು ಯಾವ ಕಾರ್ಡೂ ಬೇಡ."

ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಅವಳ ಗಂಡ ಬರುವಷ್ಟರಲ್ಲಿ ಸಂಜೆ. ಕೈ ತುಂಬ ಗಾಜಿನ ಗೀರು. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಇದನ್ನು ನಿನಗೆ ತಿಳಿಸಬಾರದು ಎಂದು ನಿನ್ನ ಅಪ್ಪ ಅವ್ವ ಮಾತಾಡಿಕೊಂಡಿದ್ದಾರೆ. "ಊರಿಗೆ ಹೋಗ್ಯಾಳ ಅಂತ ಹೇಳಿದ್ರಾತು" ಎಂದು ಅರುಣನೇ ಅಂದ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು. ನಾನು ಈ ಕಾಗದವನ್ನು ನಾನೇ ಪೆಟ್ಟಿಗೆಗೆ ಹಾಕಿ ಬರುತ್ತೇನೆ.

ಗಂಗೂಬಾಯಿ


ಬ್ರೈಟನ್
18 ಜುಲೈ 2006

ಪ್ರೀತಿಯ ಅಜ್ಜಿ,

ನಿಮ್ಮ ಜುಲೈ 2ರ ಪತ್ರ ಓದಿ ಭಯವಾಗಿತ್ತು. ಭಾನುವಾರ ಫೋನ್ ಮಾಡಿದಾಗ ಅಮ್ಮನಿಗೆ ಮೊದಲು ಅದನ್ನೇ ಕೇಳಿದೆ. ಮಿನತಿ ದೀ ಹೆರಿಗೆಗೆ ಕ್ಯಾನಿಂಗ್ ಊರಿನ ಹತ್ತಿರ ತವರಿಗೆ ಹೋದರು ಎಂದರು. ಎಷ್ಟು ಸಮಾಧಾನ ಆಯಿತು ಗೊತ್ತಾ! ಅತ್ತೆಯ ಕಾಟವಿಲ್ಲದೆ ಸ್ವಲ್ಪ ರೆಸ್ಟ್ ಸಿಗುತ್ತದೆ.

ಈಗ ನಿಮಗೆ ಹೇಳಬಹುದು. ಪ್ರೊಫೆಸರ್ ಮೇ 5ನೇ ತಾರೀಕೇ ಆಗುವುದಿಲ್ಲ ಎಂದಿದ್ದರು. ನಡುವೆ ಒಬ್ಬರನ್ನು ಸೇರಿಸಿದರೆ, ಮೊದಲು ಆರಿಸಿದ ಪಟ್ಟಿಗೆ ಅರ್ಥ ಇರುವುದಿಲ್ಲ, ಇಡೀ ಅಧ್ಯಯನವೇ ಕೆಡುತ್ತದೆ ಅಂತ. ಅವರು ಹೇಳಿದ್ದು ತಪ್ಪೂ ಅಲ್ಲ ಅಜ್ಜಿ. ನೀವು ಅಷ್ಟು ನಂಬಿ ಬರೆದಿದ್ದಿರಿ, ಇಲ್ಲ ಎಂದು ಬರೆಯಲು ನನಗೆ ಮನಸ್ಸು ಬರಲಿಲ್ಲ. ಇನ್ನೊಮ್ಮೆ ಕೇಳೋಣ, ಇನ್ನೊಮ್ಮೆ ಕೇಳೋಣ ಅಂದುಕೊಂಡೇ ಇದ್ದೆ. ಸದ್ಯ, ವಿಷಯ ತಾನಾಗಿಯೇ ಸರಿ ಹೋಯಿತು.

ಮಗು ಆದ ಮೇಲೆ ಹೆಣ್ಣೋ ಗಂಡೋ ಬರೆಯಿರಿ. ಒಂದು ಉಣ್ಣೆ ಟೋಪಿ ತೆಗೆದಿಟ್ಟಿದ್ದೇನೆ.

ನಿಮ್ಮ ನಮ್ರತಾ


ಬಾರಾನಗರ
3 ಆಗಸ್ಟ್ 2006

ನಮ್ರತಾ,

ನನ್ನ ಕಾಗದ ಈಗ ನಿನ್ನ ಕೈ ಸೇರಿರಬೇಕು. ಎರಡೂ ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಟೋಪಿ ಯಾರಿಗಾದರೂ ಕೊಡು.

ಮೇ ಐದು. ನಾನು ಅವಳಿಗೆ "ಕಾಯಿ" ಎಂದು ಹೇಳಿ ನಿನಗೆ ಬರೆದದ್ದು ಮೇ ಎಂಟು. ಆ ಕಾಗದ ನೀನು ಓದಿದೆ. ಅವಳು ಆಸ್ಪತ್ರೆಗೆ ಹೋಗುವುದನ್ನು ನಾನು ನಿಲ್ಲಿಸಿದೆ ಎಂಬುದನ್ನೂ ಓದಿದೆ. ಓದಿ ನನಗೆ ತಾಂಜಾನಿಯಾದ ಸುದ್ದಿ ಬರೆದೆ.

ಬಯ್ಯಲು ಪೆನ್ನು ಎತ್ತಿಕೊಂಡೆ. ನಾಲ್ಕು ದಿನ ಎತ್ತಿಕೊಂಡು ಇಟ್ಟೆ. ಯಾಕೆಂದರೆ ನಾನೂ ಒಂದು ಮಾತು ನಿನಗೆ ಹೇಳಿಲ್ಲ.

ಆ ಸ್ಟೋವು ನನ್ನದು. ಗ್ಯಾಸು ಬಂದ ಮೇಲೆ ಅಟ್ಟದ ಮೇಲೆ ಹಾಕಿದ್ದು. ನೀನು ಪಟ್ಟಿ ಮಾಡಲು ಹೋಗುವ ಹಿಂದಿನ ದಿನ ಮಿನತಿ ಬಂದು, "ನಾಳೆ ನಮ್ಮ ಗಲ್ಲಿಗೆ ಬರುತ್ತಾರಂತೆ, ಏನು ಕೇಳುತ್ತಾರೆ ಮಾಶಿಮಾ?" ಎಂದಳು. ನೀನು ಊಟದ ಹೊತ್ತಿನಲ್ಲಿ ಹೇಳಿದ್ದು ನನ್ನ ತಲೆಯಲ್ಲಿತ್ತು: ಒಂದು ಒಲೆಗೆ ಒಂದು ಕುಟುಂಬ. ರೇಷನ್ನಿನ ಲೆಕ್ಕ ಗೊತ್ತಿದ್ದ ಜಾಣೆ ನಾನು. ನಮ್ಮೂರಲ್ಲಿ ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ ಎರಡು ಕಾರ್ಡು ಮಾಡಿಸಿಕೊಂಡದ್ದನ್ನು ಕಣ್ಣಾರೆ ಕಂಡವಳು. "ಹುಚ್ಚಿ, ಅತ್ತಿ ಒಲಿಯಾಗ ಉಂಡರ ಕಾರ್ಡು ಅತ್ತಿ ಹೆಸರಿಗೆ ಬರ್ತದ. ನಿಂದು ಬ್ಯಾರೆ ಹೂಡು, ನಿನ್ನ ಹೆಸರಿಗೆ ಬರ್ತದ" ಎಂದು ಸ್ಟೋವು ಅವಳ ಸೆರಗಿನಲ್ಲಿ ಸುತ್ತಿ ಕೊಟ್ಟೆ. "ನಾ ಕೊಟ್ಟೆ ಅಂತ ಯಾರಿಗೂ ಹೇಳಬ್ಯಾಡ, ನನ್ನ ಸೊಸಿ ಬೈತಾಳ" ಎಂದೂ ಅಂದೆ.

ನೀನು ಅದೃಷ್ಟ ಎಂದು ಬರೆದಿದ್ದೆ. ಆ ಅದೃಷ್ಟ ಅಟ್ಟದಿಂದ ಇಳಿಸಿದವಳು ನಾನು.

ಹದಿಮೂರನೆಯ ದಿನ ಅವಳ ಅತ್ತೆಯ ಮನೆಗೆ ಹೋದೆ, ಇದನ್ನು ಹೇಳಲು. ಸ್ಟೋವು ಬಾಗಿಲ ಬಳಿಯೇ ಇತ್ತು. ನಾನು ಅದನ್ನು ನೋಡುವುದನ್ನು ಮುದುಕಿ ನೋಡಿದಳು.

"ಅದು ಕದ್ದ ಮಾಲು," ಎಂದಳು. "ಎಲ್ಲಿಂದ ತಂದಿ ಅಂದರ, ಎಲ್ಲೋ ಕದ್ದೆ ಅಂದ್ಳು. ಕಳ್ಳೀ ಕೈಯಾಗಿನ ಅನ್ನ ನನ್ನ ಮನ್ಯಾಗ ಬ್ಯಾಡ ಅಂದೆ. ಇಲ್ಲಾಂದ್ರ ಎರಡು ದಿನಕ್ಕ ಒಳಗ ಕರಕೋತಿದ್ದೆ. ಆರು ತಿಂಗಳು ಬಾಗಲಾಗ ಕೂತು ಬೇಯಿಸಿಕೊಂಡ್ಲು. ಒಣ ಅನ್ನ, ಉಪ್ಪು. ನಾನೂ ಹಟಾ ಹಿಡಿದೆ. ಸಾಯತಾಳ ಅಂತ ಯಾರಿಗೆ ಗೊತ್ತಿತ್ತು?"

ನನ್ನ ಹೆಸರು ಹೇಳಬೇಡ ಎಂದಿದ್ದೆ. ಅವಳು ಹೇಳಲಿಲ್ಲ.

ಆಗ ನಾನು ಹೇಳಿದೆ. ಸ್ಟೋವು ನನ್ನದು, ಕೊಟ್ಟವಳು ನಾನು, ನಿನ್ನ ಸೊಸೆ ಕಳ್ಳಿಯಲ್ಲ ಎಂದೆ. ಮುದುಕಿ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. ಮಿನತಿಯ ಮಗಳು ಮಾಮೋನಿ, ನಾಲ್ಕು ವರ್ಷದ್ದು, ಅಲ್ಲೇ ಮಲಗಿತ್ತು. ಮುದುಕಿ ಅದರ ಮೈಮೇಲೆ ಸೆರಗು ಎಳೆದು, "ನೀವು ಹೋಗ್ರಿ" ಎಂದಳು.

ಗಂಗೂಬಾಯಿ


ಬ್ರೈಟನ್
25 ಆಗಸ್ಟ್ 2006

ಅಜ್ಜಿ,

ನಿಮ್ಮ ಎರಡು ಪತ್ರಗಳೂ ಬಂದಿವೆ. ಅಮ್ಮನ ಜೊತೆ ಮೂರು ಭಾನುವಾರದಿಂದ ಮಾತಾಡಿಲ್ಲ.

ಒಂದು ಸಾಲು ಸಾಕು ಎಂದು ನೀವು ಬರೆದಿದ್ದಿರಿ. ನನಗೆ ಬರೆಯಲಾಗಲಿಲ್ಲ. ಈಗ ಏನು ಬರೆದರೂ ನನ್ನನ್ನು ಕಾಪಾಡಿಕೊಳ್ಳಲು ಬರೆದ ಹಾಗೆ ಕಾಣುತ್ತದೆ.

ನನ್ನ ಪ್ರಬಂಧದಲ್ಲಿ ಇದನ್ನು ಸೇರಿಸುತ್ತೇನೆ ಎಂದು ಪ್ರೊಫೆಸರ್‌ಗೆ ಹೇಳಿದೆ. ಪಟ್ಟಿಯಲ್ಲಿ ಇಲ್ಲದವರ ಸಾವು ನಮ್ಮ ಕೋಷ್ಟಕದಲ್ಲಿ ಬರುವುದಿಲ್ಲ ಎಂದರು. ನೋಡಿದ 212 ಕುಟುಂಬಗಳಲ್ಲಿ ಹೆರಿಗೆಯ ಸಾವು ಸೊನ್ನೆ. ಅದು ಒಳ್ಳೆಯ ಫಲಿತಾಂಶವಂತೆ. ನಮ್ಮ ಹತ್ತಿರ ಅವರ ಬಗ್ಗೆ ಬರವಣಿಗೆಯಲ್ಲಿ ಏನೂ ಇಲ್ಲ, ಒಂದು ಫಾರ್ಮ್ ಕೂಡ ಇಲ್ಲ, ಏನನ್ನು ತೋರಿಸುತ್ತೀಯ ಎಂದು ಕೇಳಿದರು.

ನಿದ್ದೆ ಬರುತ್ತಿಲ್ಲ ಅಜ್ಜಿ. ಸ್ವಲ್ಪ ದಿನ ಬರೆಯದಿದ್ದರೆ ತಪ್ಪು ತಿಳಿಯಬೇಡಿ.

ನಮ್ರತಾ


ಬಾರಾನಗರ
21 ಜನವರಿ 2007

ನಮ್ರತಾ,

ಸ್ವಲ್ಪ ದಿನ ಎಂದೆ. ಐದು ತಿಂಗಳು ಆಗುತ್ತ ಬಂತು. ಫೋನಿನಲ್ಲಿ ನಿನ್ನ ಅವ್ವನ ಜೊತೆ ಮತ್ತೆ ಮಾತಾಡುತ್ತೀಯಂತೆ, ಒಳ್ಳೆಯದು. ನನ್ನನ್ನು ಕೇಳುವುದಿಲ್ಲವಂತೆ. ನಾನೂ ಕಾಗದ ಹಾಕಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಈಗ ಇದೆ.

ನಾನು ದಿನಾ ಹನ್ನೊಂದಕ್ಕೆ ಬಸ್ತಿಗೆ ಹೋಗುತ್ತೇನೆ, ಮಾಮೋನಿಗೆ ರೊಟ್ಟಿ ತೆಗೆದುಕೊಂಡು. ಮೊದಲ ತಿಂಗಳು ಮುದುಕಿ ರೊಟ್ಟಿ ಒಳಗೆ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಈಗ ಕುಳಿತುಕೊಳ್ಳಲು ಮಣೆ ಕೊಡುತ್ತಾಳೆ. ಇಬ್ಬರು ಮುದುಕಿಯರು ಒಂದು ಕೂಸು ಉಣ್ಣುವುದನ್ನು ನೋಡುತ್ತ ಕೂಡುತ್ತೇವೆ.

ಗುರುವಾರ ನಾನು ಅಲ್ಲಿದ್ದಾಗ ನಿಮ್ಮ ಸಂಸ್ಥೆಯ ಹುಡುಗಿಯೊಬ್ಬಳು ಬಂದಳು. ಚೈತಾಲಿ ಎಂದು ಹೆಸರು. ವರ್ಷವಾಯಿತಲ್ಲ, ಅದೇ ಮನೆಗಳನ್ನು ಎರಡನೆಯ ಸಲ ಕೇಳಲು. ನೀನು ಕೂಡುತ್ತಿದ್ದ ಹಾಗೆಯೇ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು ಕುಳಿತಳು.

"ಈ ಒಲೆಯಲ್ಲಿ ಉಣ್ಣುವವರು ಎಷ್ಟು ಜನ, ಮಾಶಿಮಾ?"

"ಮೂರು," ಎಂದಳು ಮುದುಕಿ. "ನಾನು, ನನ್ನ ಮಗ, ಈ ಕೂಸು."

"ಕಳೆದ ಒಂದು ವರ್ಷದಲ್ಲಿ ಈ ಮನೆಯಲ್ಲಿ ಯಾರಾದರೂ ತೀರಿಕೊಂಡರೇ?"

ಮುದುಕಿ ನನ್ನ ಕಡೆ ನೋಡಿದಳು. ಆಮೇಲೆ ಹೇಳಿದಳು: "ನನ್ನ ಸೊಸೆ."

ಹುಡುಗಿ ಬೆರಳಿಟ್ಟು ಪಟ್ಟಿ ಹುಡುಕಿದಳು. "ಆ ಹೆಸರು ಹೋದ ವರ್ಷ ಈ ಮನೆಯಲ್ಲಿ ಇಲ್ಲವಲ್ಲ. ಇಲ್ಲದವರು ಸತ್ತರೆ ಬರೆಯಲು ಜಾಗವಿಲ್ಲ." ಕೆಟ್ಟ ಹುಡುಗಿಯಲ್ಲ. ಹೇಳುವಾಗ ಅವಳ ದನಿ ಇಳಿದಿತ್ತು. "ಬೇಕಾದರೆ ಹಿಂದಿನ ಪುಟದಲ್ಲಿ ಷರಾ ಎಂದು ಬರೆಯುತ್ತೇನೆ. ಆದರೆ ಕಚೇರಿಯಲ್ಲಿ ಸುಪರ್‌ವೈಸರ್ ಓದುತ್ತಾರೆ, ಪಟ್ಟಿಗೆ ಸಂಬಂಧವಿಲ್ಲದ್ದನ್ನು ಹೊಡೆದುಹಾಕುತ್ತಾರೆ."

"ಅವರಿಗೆ ಕನ್ನಡ ಬರ್ತದೇನು?" ಎಂದೆ.

"ಇಲ್ಲ," ಎಂದಳು. ನಾನು ಏನು ಕೇಳುತ್ತಿದ್ದೇನೆಂದು ಅವಳಿಗೆ ತಿಳಿಯಲಿಲ್ಲ.

"ಆಮ್ಯಾಲೆ ಈ ಕಾಗದ ಎಲ್ಲಿ ಹೋಗ್ತಾವ?"

"ವಿಲಾಯತಿಗೆ. ನಮ್ರತಾ ದೀದಿಯ ಹತ್ತಿರ."

ಹಾಗಾದರೆ ಕೊಡು ಎಂದು ಪೆನ್ನು ಇಸಿದುಕೊಂಡೆ. ಅವಳು ಗಾಬರಿಯಾದಳು, ಮುದುಕಿ ಅವಳ ಮೊಣಕೈ ಹಿಡಿದು ಕೂಡಿಸಿದಳು. ಹಿಂದಿನ ಪುಟದಲ್ಲಿ ಬರೆದೆ. ಸಾಲು ಸೊಟ್ಟಾಗಿವೆ. ಹೀಗಿದೆ:

ಮಿನತಿ. ವಯಸ್ಸು ಇಪ್ಪತ್ತನಾಲ್ಕು. ಇದೇ ಮನೆಯ ಸೊಸೆ. 14 ಜುಲೈ 2006ರಂದು ಹೊಟ್ಟೆಯಲ್ಲಿನ ಕೂಸಿನ ಜೊತೆ ಸತ್ತಳು. ಬೇರೆ ಒಲೆ ಹೂಡಿಸಿದವಳು ಗಂಗೂಬಾಯಿ. ಆಸ್ಪತ್ರೆ ಬೇಡ, ಕಾಯಿ ಎಂದವಳು ಗಂಗೂಬಾಯಿ. ಮನೆಯ ಹೊರಗೆ ಉಣ್ಣಿಸಿದವಳು ಅತ್ತೆ. ಇದನ್ನು ಅವಳ ಮುಂದೆಯೇ ಬರೆದಿದ್ದೇನೆ, ಏನು ಬರೆದೆನೆಂದು ಬಂಗಾಲಿಯಲ್ಲಿ ಹೇಳಿದ್ದೇನೆ, ಆಗಲಿ ಎಂದಳು. ಕಾರ್ಡು ಬರುವುದಿಲ್ಲ ಎಂಬುದು ಗೊತ್ತಿದ್ದೂ ಹೇಳದವಳು

ಅಲ್ಲಿಗೆ ನಿಲ್ಲಿಸಿದ್ದೇನೆ. ಮುಂದೆ ಒಂದು ಹೆಸರಿಗೆ ಸಾಲುವಷ್ಟು ಜಾಗ ಬಿಟ್ಟಿದ್ದೇನೆ. ನಾನು ತುಂಬಬಹುದಿತ್ತು. ಅದು ನನ್ನ ಕೆಲಸವಲ್ಲ.

ನಿನ್ನ ಪ್ರೊಫೆಸರು ಒಂದು ಫಾರ್ಮಾದರೂ ತೋರಿಸು ಎಂದಿದ್ದರಲ್ಲ, ಬರುತ್ತಿದೆ. ಇಲ್ಲಿಯವರು ಅದನ್ನು ಓದಲಾರರು, ಓದಲಾಗದ್ದನ್ನು ಹೊಡೆದುಹಾಕಲು ಹೆದರುತ್ತಾರೆ. ಅಲ್ಲಿಯವರೂ ಓದಲಾರರು. ಫಾರ್ಮುಗಳ ಕಟ್ಟು ನಿನ್ನ ಮೇಜಿಗೆ ಬಂದಾಗ ಆ ಪುಟ ತಿರುಗಿಸುತ್ತೀಯೋ ಇಲ್ಲವೋ, ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತೀಯೋ ಇಲ್ಲವೋ, ನೋಡಲು ಯಾರೂ ಇರುವುದಿಲ್ಲ. ಆ ಊರಿನಲ್ಲಿ ಅದನ್ನು ಓದಬಲ್ಲವಳು ನೀನೊಬ್ಬಳೇ.

ಗಂಗೂಬಾಯಿ